ಗಾತ್ರದ ಶ್ರೇಣಿಯ ಮಿತಿಗಳು: ಕನ್ನಡದ ಬೆಟ್ಟವಾಚಿ ಪದಗಳ ಅರ್ಥವಿವರಣೆಯನ್ನು ಕುರಿತು

ದಿಬ್ಬಕ್ಕಿಂತ ಗುಡ್ಡ, ಗುಡ್ಡಕ್ಕಿಂತ ಬೆಟ್ಟ, ಬೆಟ್ಟಕ್ಕಿಂತ ಪರ್ವತ ದೊಡ್ಡದು ಎಂಬ ಶ್ರೇಣಿಯು ಕನ್ನಡದಲ್ಲಿ ಬಹುಮಟ್ಟಿಗೆ ಸ್ವಯಂಸಿದ್ಧವೆಂಬಂತೆ ಬಳಕೆಯಲ್ಲಿದೆ. ಇಂಗ್ಲಿಷಿನ ‘ಹಿಲ್’, ‘ಮೌಂಟನ್’ ಎಂಬ ಜೋಡಿಗೆ ಸಮಾನಪದಗಳನ್ನು ಹುಡುಕುವಾಗ ಶಾಲಾ ಭೂಗೋಳವೂ ಪಾರಿಭಾಷಿಕ ಪದಪಟ್ಟಿಗಳೂ ಸಾಮಾನ್ಯವಾಗಿ ಇದನ್ನೇ ಆಶ್ರಯಿಸುತ್ತವೆ. ಈ ಶ್ರೇಣಿಯು ಅನುವಾದದ ಅನುಕೂಲಕ್ಕೆ ಒದಗಿದ ಸರಳೀಕರಣವೇ ಹೊರತು ಪ್ರಯೋಗದ ವರ್ಣನೆಯಲ್ಲ ಎಂಬುದು ನಮ್ಮ ವಾದ.

ಮೊದಲ ಆಕ್ಷೇಪವು ಉಪಭಾಷಾ ವಿತರಣೆಗೆ ಸಂಬಂಧಿಸಿದ್ದು. ಗದಗ ಜಿಲ್ಲೆಯ ಕಪ್ಪತಗುಡ್ಡವು ಹಲವು ಹರದಾರಿ ಚಾಚಿಕೊಂಡ ಬೆಟ್ಟಸಾಲು. ಆದರೂ ಅದು ಗುಡ್ಡ. ಮೈಸೂರಿನ ಚಾಮುಂಡಿ ಒಂಟಿಯಾಗಿ ನಿಂತಿದ್ದರೂ ಬೆಟ್ಟ. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ, ಚಿಕ್ಕಬಳ್ಳಾಪುರದ ಕಡೆಗೆ ನಂದಿಬೆಟ್ಟ. ಉತ್ತರದ ಹಲವೆಡೆ ‘ಗುಡ್ಡ’ವೂ ದಕ್ಷಿಣದಲ್ಲಿ ‘ಬೆಟ್ಟ’ವೂ ಸಾಮಾನ್ಯ ನಾಮಗಳಾಗಿರುವುದರಿಂದ ಇವನ್ನು ಒಂದೇ ಅಳತೆಗೋಲಿನ ಎರಡು ಗೆರೆಗಳೆಂದು ಭಾವಿಸುವುದು ಪ್ರಾದೇಶಿಕ ಭೇದವನ್ನು ಅರ್ಥಭೇದವೆಂದು ತಪ್ಪಾಗಿ ಗ್ರಹಿಸಿದಂತೆ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂಬ ಗಾದೆ ‘ಗುಡ್ಡ ಅಗೆದು’ ಎಂದೂ ಪ್ರಚಲಿತವಾಗಿರುವುದು ಇದನ್ನೇ ಸಮರ್ಥಿಸುತ್ತದೆ.

ಎರಡನೆಯದಾಗಿ, ‘ಬೆಟ್ಟ’ ಎಂಬ ಪದವೇ ಎತ್ತರಕ್ಕೆ ಕಟ್ಟುಬಿದ್ದಿಲ್ಲ. ನೀಲಗಿರಿಯ ದೊಡ್ಡಬೆಟ್ಟ ಸಮುದ್ರಮಟ್ಟದಿಂದ 2,637 ಮೀಟರ್ ಎತ್ತರದ ಶಿಖರ. ಶ್ರವಣಬೆಳಗೊಳದ ದೊಡ್ಡಬೆಟ್ಟ ಸುತ್ತಲಿನ ನೆಲದಿಂದ ಏರುವುದು ಸುಮಾರು 470 ಅಡಿ ಮಾತ್ರ. ಎದುರಿನ ಚಿಕ್ಕಬೆಟ್ಟದ ಪಕ್ಕದಲ್ಲಿ ಅದು ದೊಡ್ಡದು. ಉತ್ತರ ಕನ್ನಡದ ‘ಸೊಪ್ಪಿನ ಬೆಟ್ಟ’ವಂತೂ ಅಡಕೆ ತೋಟದ ಗೊಬ್ಬರಕ್ಕೆ ಸೊಪ್ಪು ಒದಗಿಸುವ ಕಾಡುಭೂಮಿ. ಅಲ್ಲಿ ಬೆಟ್ಟವೆಂದರೆ ಭೂರೂಪಕ್ಕಿಂತ ಮಿಗಿಲಾಗಿ ಒಂದು ಹಕ್ಕಿನ ಹೆಸರು. ರೂಪದಲ್ಲಿ ಇದಕ್ಕೆ ನಿಕಟವಾದ ‘ಬೆಟ್ಟು’ ತುಳುನಾಡಿನಲ್ಲಿ ಬೈಲು, ಮಜಲುಗಳಿಗಿಂತ ಮೇಲಿರುವ ಗದ್ದೆ. ಹಳಗನ್ನಡದ ‘ಬೆಟ್ಟಿತ್ತು’ (ಕಠಿನವಾದುದು) ಎಂಬ ರೂಪವನ್ನು ಮುಂದಿಟ್ಟು ‘ಗಟ್ಟಿನೆಲ’ವೇ ಮೂಲಾರ್ಥವೆನ್ನುವ ಆಕರ್ಷಣೆ ಇದ್ದೇ ಇದೆ. ಆದರೆ ವ್ಯುತ್ಪತ್ತಿಯನ್ನು ಪ್ರಯೋಗದ ಸ್ಥಾನದಲ್ಲಿ ಕೂರಿಸುವುದನ್ನು ನಾವು ಒಪ್ಪುವುದಿಲ್ಲ.

ಹಾಗಾದರೆ ಅರ್ಥವನ್ನು ಗುರುತಿಸುವುದು ಹೇಗೆ? ಪದವು ಯಾವ ಕ್ರಿಯಾಪದದೊಡನೆ, ಯಾವ ವಿಭಕ್ತಿಯಲ್ಲಿ ಬರುತ್ತದೆಂಬುದನ್ನು ಮೊದಲು ಪರಿಶೀಲಿಸಬೇಕು. ಬೆಟ್ಟ, ಗುಡ್ಡ, ಘಟ್ಟಗಳನ್ನು ‘ಹತ್ತುತ್ತೇವೆ’. ‘ಪ್ರಪಾತಕ್ಕೆ ಬೀಳುತ್ತೇವೆ’, ‘ಪ್ರಪಾತ ಹತ್ತಿದರು’ ಎಂಬುದು ಕನ್ನಡ ಕಿವಿಗೆ ಒಗ್ಗದು. ಚತುರ್ಥಿಯಲ್ಲಿ ಬೀಳುವಿಕೆಯ ಗುರಿಯಾಗಿ ಬರುವ ಈ ಪದವು ಮೇಲೆ ನಿಂತವನ ದೃಷ್ಟಿಯಿಂದ ಕಾಣುವ ಆಳವನ್ನು ಸೂಚಿಸುತ್ತದೆ. ಇಂಗ್ಲಿಷಿನ ‘ಕ್ಲಿಫ್’ ಆದರೋ ಮುಖ್ಯವಾಗಿ ಕಡಿದಾದ ಬಂಡೆಯ ಮುಖ. ಅದನ್ನು ಕೆಳಗಿನಿಂದ ನೋಡಬಹುದು, ಏರಲೂಬಹುದು. ‘ಕ್ಲಿಫ್’ಗೆ ‘ಪ್ರಪಾತ’ವನ್ನು ನಿರ್ವಿವಾದ ಸಮಾನಪದವಾಗಿ ಕೊಡುವ ಪಟ್ಟಿ ಆ ದೃಷ್ಟಿಬಿಂದುವನ್ನು ತಲೆಕೆಳಗು ಮಾಡುತ್ತದೆ. ‘ಘಟ್ಟ’ದಲ್ಲಿಯೂ ದೃಷ್ಟಿಬಿಂದುವೇ ನಿರ್ಣಾಯಕ: ಕರಾವಳಿಯವರಿಗೆ ಅದು ಹತ್ತುವ ಗೋಡೆ, ಮಲೆನಾಡಿನವರಿಗೆ ಇಳಿಯುವ ಅಂಚು. ಆಗುಂಬೆಯನ್ನು ತೀರ್ಥಹಳ್ಳಿಯಿಂದ ತಲುಪುವವನಿಗೆ ಘಟ್ಟ ಆರಂಭವಾಗುವುದು ಊರು ದಾಟಿದ ಮೇಲೆ, ಇಳಿಜಾರಿನಲ್ಲಿ.

ಈ ಚರ್ಚೆ ಕೇವಲ ನಿಘಂಟುಕಾರರ ಕಾಳಜಿಯಲ್ಲ. ‘ಕುಸಿ’ ಎಂಬ ಕ್ರಿಯಾಪದದ ಸಹಪ್ರಯೋಗಗಳನ್ನು ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯಲ್ಲಿ ಸಂಭವಿಸಿದ್ದು ಜನರ ಮಾತಿನಲ್ಲಿ ‘ಗುಡ್ಡ ಕುಸಿತ’. ಮಲೆನಾಡು, ಕರಾವಳಿಗಳಲ್ಲಿ ಮನೆಗೋ ರಸ್ತೆಗೋ ಮಣ್ಣು ಕಡಿದಾಗ ಉಳಿಯುವ ನೇರ ಮುಖ ‘ದರೆ’. ಅದು ಜರಿದರೆ ‘ದರೆ ಕುಸಿತ’. ಪತ್ರಿಕೆಗಳಲ್ಲಿ ಕಾಣುವ ‘ಧರೆ’ ಎಂಬ ಮಹಾಪ್ರಾಣದ ಬರಹವು ಓದುಗನನ್ನು ಸಂಸ್ಕೃತದ ‘ಭೂಮಿ’ಯತ್ತ ಒಯ್ದು ಪದದ ನಿರ್ದಿಷ್ಟತೆಯನ್ನು ಮಸುಕಾಗಿಸುತ್ತದೆ. ಆಡಳಿತದ ‘ಭೂಕುಸಿತ’ವು ಎರಡನ್ನೂ ಒಂದೇ ಹೆಸರಿನಡಿ ತರುತ್ತದೆ. ಗುಡ್ಡ ತಾನಾಗಿ ಇರುವಂಥದು. ದರೆ ಬಹುಮಟ್ಟಿಗೆ ಮನುಷ್ಯ ಕಡಿದದ್ದು. ಕಾರಣದ ಪ್ರಶ್ನೆ ಏಳುವಲ್ಲಿ ಈ ವ್ಯತ್ಯಾಸ ಮಹತ್ತ್ವದ್ದು, ಮುನ್ನೆಚ್ಚರಿಕೆಯ ಭಾಷೆ ಅದನ್ನು ಕಳೆದುಕೊಳ್ಳಬಾರದು.

ಭೂದೃಶ್ಯವರ್ಗಗಳು ಭಾಷೆಯಿಂದ ಭಾಷೆಗೆ ಗಣನೀಯವಾಗಿ ಭಿನ್ನವಾಗುತ್ತವೆಂಬುದನ್ನು ಬುರೆನ್‌ಹುಲ್ಟ್ ಮತ್ತು ಲೆವಿನ್‌ಸನ್ 2008ರಲ್ಲಿ ‘ಲ್ಯಾಂಗ್ವೇಜ್ ಸೈನ್ಸಸ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಮಾರ್ಕ್ ಮತ್ತು ಟರ್ಕ್ ಅಧ್ಯಯನ ಮಾಡಿದ ಪಶ್ಚಿಮ ಆಸ್ಟ್ರೇಲಿಯಾದ ಯಿಂಡ್ಜಿಬಾರ್ನ್‌ಡಿಯಲ್ಲಿ ‘ಮಾರ್ನ್‌ಡ’ ಎಂಬ ಪದ ಬೆಟ್ಟಕ್ಕೂ ಸಲ್ಲುತ್ತದೆ, ಬಂಡೆಗೂ ಸಲ್ಲುತ್ತದೆ. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ: ಅಲ್ಲಿ ಇಡಿಯ ಬೆಟ್ಟಕ್ಕೆ ‘ಕಲ್ಲು’ ಎಂದೇ ಹೆಸರು. ಕನ್ನಡದಲ್ಲಿ ಇದು ಸ್ಥಳನಾಮಗಳಲ್ಲಿ ಮಾತ್ರ ಉಳಿದಿದೆಯೇ, ಸಾಮಾನ್ಯನಾಮವಾಗಿಯೂ ಜೀವಂತವಾಗಿದೆಯೇ ಎಂಬುದು ಕ್ಷೇತ್ರಕಾರ್ಯ ಉತ್ತರಿಸಬೇಕಾದ ಪ್ರಶ್ನೆ.

ಗಾತ್ರಕ್ಕೆ ಯಾವ ಪಾತ್ರವೂ ಇಲ್ಲವೆಂದು ನಾವು ಹೇಳುತ್ತಿಲ್ಲ. ದಿಬ್ಬವನ್ನು ಯಾರೂ ಪರ್ವತವೆನ್ನುವುದಿಲ್ಲ. ‘ಗುಡ್ಡ ಕುಸಿತ’ದ ಜೊತೆಗೆ ‘ಬೆಟ್ಟ ಕುಸಿತ’ವೆಂಬ ಪ್ರಯೋಗವೂ ಉಂಟು, ಸಹಪ್ರಯೋಗಗಳು ಪ್ರವೃತ್ತಿಯನ್ನು ತೋರಿಸುತ್ತವೆ, ನಿಯಮವನ್ನಲ್ಲ. ಆದರೂ ಮುಂದಿನ ಅರ್ಥವಿವರಣೆಗಳು ಪದದ ಪ್ರದೇಶ, ನೆಲದ ದ್ರವ್ಯ, ಬಳಕೆಯ ಹಕ್ಕು ಮತ್ತು ನೋಡುವವನ ನೆಲೆ ಎಂಬ ನಾಲ್ಕನ್ನು ದಾಖಲಿಸಿದ ಬಳಿಕವೇ ಎತ್ತರದ ಮಾತಿಗೆ ಬರುವುದು ಯುಕ್ತ.