ಒಂದು ಕೋಲಿಯ ಮಾತು

"ಹೋಟೆಲಿನ ಮ್ಯಾಲ ವಿಮರ್ಶೆ ಬರೀಲಕತ್ತೀನಿ" ಎಂದಾಗ ನನ್ನ ಮಗಳು ನಕ್ಕಳು. "ಪುಸ್ತಕದ ಮ್ಯಾಲ ಬರೀತಾರ, ಸಿನಿಮಾದ ಮ್ಯಾಲ ಬರೀತಾರ. ಹೋಟೆಲಿಗೆಂಥಾ ವಿಮರ್ಶೆ ಅವ್ವಾ?" ಅವಳ ಮಾತೂ ಸುಳ್ಳಲ್ಲ. ಆದರೆ ಒಂದು ಕಟ್ಟಡ ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಎಂಬುದನ್ನೂ ಪುಸ್ತಕದಂತೆ ಓದಬಹುದೆಂದು ನನಗೆ ಗೊತ್ತಾದದ್ದು 1992ರ ಬೇಸಿಗೆಯಲ್ಲಿ.

ಆಗ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಒಂದು ದೊಡ್ಡ ಊರಿಗೆ ಹೋಗಿದ್ದೆ. ಬಸ್ಸು ದಾರಿಯಲ್ಲಿ ಕೆಟ್ಟು, ಇಳಿಯುವಾಗ ರಾತ್ರಿ ಹತ್ತರ ಸಮೀಪ. ಇಳಿದುಕೊಳ್ಳಬೇಕಾಗಿದ್ದ ಗೆಳತಿಯ ಮನೆಗೆ ಕೀಲಿ. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಲಾಡ್ಜಿಗೆ ಹೋದೆ. ಮ್ಯಾನೇಜರ್ ತಲೆ ಎತ್ತಿ, "ಒಬ್ರೇ ಇದ್ದೀರೇನ್ರಿ?" ಎಂದ. ಹೌದೆಂದೆ. "ಮನಿಯವರು?" ತೀರಿಕೊಂಡು ಎರಡು ವರ್ಷವಾಯಿತೆಂದೆ. ಅವನು ಒಮ್ಮೆ ನನ್ನ ಹಣೆ ನೋಡಿದ, ಒಮ್ಮೆ ರಿಜಿಸ್ಟರು ನೋಡಿದ. "ರೂಮ್ ಖಾಲಿ ಇಲ್ರಿ ಬಾಯಾರ." ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಕೀಲಿಕೈಗಳು ತೂಗುತ್ತಿದ್ದವು. ಎಣಿಸಿದೆ. ಹನ್ನೊಂದು. ಆ ರಾತ್ರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಹೂವಿನ ಬುಟ್ಟಿಯನ್ನು ಮಗ್ಗುಲಿಗಿಟ್ಟುಕೊಂಡಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ ಕಣ್ಣು ಮುಚ್ಚದೆ ಕೂತೆ. ಅಂದಿನಿಂದ ಯಾವ ಹೋಟೆಲಿಗೆ ಹೋದರೂ ಮೊದಲು ಕಣ್ಣು ಹೋಗುವುದು ಕೀಲಿಕೈಯ ಹಲಗೆಗೆ.

ಹೀಗಾಗಿ, ದೊಡ್ಡ ಹೋಟೆಲುಗಳ ಬಗೆಗೆ ಎಲ್ಲಿ ಏನು ಬಂದರೂ ಬಿಡದೆ ಓದುವ ಒಂದು ವಿಚಿತ್ರ ಚಟ ನನಗೆ ಅಂಟಿಕೊಂಡಿತು. ಮಣ್ಣೂರಂಥ ಭೀಮಾತೀರದ ಹಳ್ಳಿಯ ಹೆಂಗಸಿಗೆ ಲಂಡನ್ನಿನ ಹೋಟೆಲಿನ ಉಸಾಬರಿ ಯಾಕೆಂದು ನೀವು ಕೇಳಬಹುದು. ಲಂಡನ್ನಿಗೆ ನಾನು ಹೋದವಳಲ್ಲ. ಆದರೆ ಲಂಡನ್ನಿನ ಒಂದು ತುಂಡು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಹತ್ತಿರ ಕೂತಿದೆಯಲ್ಲ! ಲಲಿತಮಹಲಿನ ಬಿಳಿ ಗುಮ್ಮಟವನ್ನು ನೋಡಿದವರಿಗೆ ಅದು ಗೊತ್ತು. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ಅರಮನೆಯ ನಕಾಶೆ ಇ. ಡಬ್ಲ್ಯೂ. ಫ್ರಿಚ್ಲಿ ಎಂಬಾತನದು. ಗುಮ್ಮಟಕ್ಕೆ ಮಾದರಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿ. 1666ರ ದೊಡ್ಡ ಬೆಂಕಿಯಲ್ಲಿ ಹಳೆಯ ಇಗರ್ಜಿ ಸುಟ್ಟುಹೋದ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿದ ಕಟ್ಟಡ ಅದು. ವೈಸರಾಯ್ ಮೈಸೂರಿಗೆ ಬಂದಾಗ ಇಳಿದುಕೊಳ್ಳಲಿ ಎಂದು, ರಾಜರ ಅರಮನೆಯಿಂದ ದೂರದಲ್ಲಿ, ಈ ಮನೆ. 1974ರಲ್ಲಿ ಇದು ಹೋಟೆಲಾಯಿತು.

2011ರಲ್ಲಿ ನಾನು ನಿವೃತ್ತಳಾದಾಗ ಮಗಳು ಅಲ್ಲಿ ಒಂದು ರಾತ್ರಿಗೆ ಕೋಲಿ ಹಿಡಿದಳು. ಇಬ್ಬರೂ ಹೋಗಿ ಬೆಳಗಿನಿಂದ ಕಟ್ಟಡವೆಲ್ಲ ಸುತ್ತಿದೆವು. ಇಟಲಿಯ ಅಮೃತಶಿಲೆಯ ಮೆಟ್ಟಿಲು, ಬೆಲ್ಜಿಯಂ ಗಾಜಿನ ತೂಗುದೀಪ, ಹಳೆಯ ಕಾಲದ ಲಿಫ್ಟು, ಒಂದು ಕಾಲಕ್ಕೆ ಬಿಳಿಯರು ಕುಣಿಯುತ್ತಿದ್ದ ಹಾಲಿನಲ್ಲಿ ಈಗ ಊಟದ ಮೇಜುಗಳು. ಸುಂದರವಲ್ಲವೆಂದು ಯಾರೂ ಹೇಳಲಾರರು. ಸಂಜೆಯ ಬಿಸಿಲು ಬಿದ್ದಾಗ ಆ ಬಿಳುಪು ಆಗಷ್ಟೇ ಕಡೆದ ಬೆಣ್ಣೆಯಂತೆ ಕಾಣುತ್ತದೆ. ಆದರೂ ನೋಡುತ್ತ ನೋಡುತ್ತ ನನಗೊಂದು ಕಸಿವಿಸಿ. ಏನೆಂದು ಕೂಡಲೇ ತಿಳಿಯಲಿಲ್ಲ.

ನಮ್ಮ ಕಡೆ ಬೀಗರು ಬಂದರೆ ನಾವೇನು ಮಾಡುತ್ತೇವೆ? ನಮ್ಮ ಮನೆಯ ಹೋಳಿಗೆ, ನಮ್ಮ ಕೈಯ ಎಣ್ಣೆಗಾಯಿ, ನಮ್ಮ ಶೇಂಗಾಹಿಂಡಿ ಬಡಿಸುತ್ತೇವೆ. ಬೀಗರ ಊರಿನ ಅಡಿಗೆಯನ್ನು ಕಲಿತು, ಬೀಗರ ಮನೆಯಂಥದೇ ಪಡಸಾಲೆ ಕಟ್ಟಿಸಿ, "ನಿಮ್ಮ ಮನಿಯಾಗೇ ಇದ್ದೀರಿ ಅಂತ ತಿಳೀರಿ" ಎನ್ನುವುದಿಲ್ಲ. ಹಾಗೆ ಮಾಡಿದರೆ ಅದು ಉಪಚಾರವಲ್ಲ, ಅಂಜಿಕೆ. ಲಲಿತಮಹಲಿನ ಹೊರಮೈಯಲ್ಲಿ ನನಗೆ ಕಂಡದ್ದು ಈ ಅಂಜಿಕೆಯೇ. ಅದಕ್ಕೆ ಕಾರಣವೂ ಇತಿಹಾಸದಲ್ಲಿದೆ. 1799ರಲ್ಲಿ ಟೀಪು ಸತ್ತ ಮೇಲೆ ಒಡೆಯರ ಮನೆತನವನ್ನು ಸಿಂಹಾಸನದ ಮೇಲೆ ಮತ್ತೆ ಕೂರಿಸಿದವರು ಇಂಗ್ಲಿಷರು. 1831ರಲ್ಲಿ ಆಡಳಿತವನ್ನು ಕಸಿದುಕೊಂಡವರೂ ಅವರೇ. ಐವತ್ತು ವರ್ಷ ಇಟ್ಟುಕೊಂಡು 1881ರಲ್ಲಿ ತಿರುಗಿ ಕೊಟ್ಟವರೂ ಅವರೇ. ಮನೆಯನ್ನೇ ಕಿತ್ತುಕೊಳ್ಳಬಲ್ಲ ಅತಿಥಿಗೆ ಎಂಥ ಮನೆ ಕಟ್ಟಬೇಕು? ಅವನ ದೇವರ ಮನೆಯ ಗುಮ್ಮಟವನ್ನೇ ತಂದು ನೆತ್ತಿಯ ಮೇಲೆ ಇಟ್ಟರೆ ಅವನಿಗೆ ಮುನಿಯಲು ಜಾಗವೆಲ್ಲಿ? ಒಳಗಿನ ಗೋಡೆಗಳ ಮೇಲೆ ಒಡೆಯರ ದೊಡ್ಡ ಭಾವಚಿತ್ರಗಳಿವೆ. ಟೀಪುವಿನ ಯುದ್ಧದ ಚಿತ್ರಗಳೂ ಇವೆ. ಎರಡನ್ನೂ ಒಂದೇ ಮನೆಯಲ್ಲಿ ನೋಡಿದಾಗ, ಈ ಆತಿಥ್ಯದ ಸಾಲಪತ್ರವನ್ನೇ ಚೌಕಟ್ಟು ಹಾಕಿ ತೂಗಿಸಿದ್ದಾರೆ ಅನ್ನಿಸಿತು. ನಾಲ್ವಡಿಯವರ ದೊಡ್ಡತನವನ್ನು ನಾನು ಅಲ್ಲಗಳೆಯುತ್ತಿಲ್ಲ. ಅವರ ಕಾಲದ ಶಾಲೆ, ಆಸ್ಪತ್ರೆ, ಕಟ್ಟೆಗಳಲ್ಲಿ ಇಲ್ಲದ ಒಂದು ಬಿಗಿ ಈ ಕಟ್ಟಡದಲ್ಲಿದೆ ಎನ್ನುತ್ತೇನೆ, ಅಷ್ಟೆ. ಇದು ನೋಡಿಸಿಕೊಳ್ಳಲು ಕಟ್ಟಿದ ಮನೆ; ಕಾಲು ಚಾಚಲು ಕಟ್ಟಿದ್ದಲ್ಲ.

ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲಿನ ಕತೆ ಬೇರೆ. ಹೆಸರು ಲಂಡನ್ನಿನದೇ. ಆದರೆ ಅದು ಶುರುವಾದದ್ದು 1887ರಲ್ಲಿ, ಬ್ರಾನ್ಸನ್ ಎಂಬ ಹೆಣ್ಣುಮಗಳು ನಡೆಸುತ್ತಿದ್ದ ಹತ್ತು ಕೋಲಿಗಳ ಊಟ-ವಸತಿಯ ಮನೆಯಾಗಿ. ಹತ್ತು ಕೋಲಿ! ನಮ್ಮ ಕಡೆ ವಾಡೆಗಳಲ್ಲೂ ಅಷ್ಟಿರುತ್ತವೆ. ಹೋಟೆಲಿನ ಚರಿತ್ರೆ ಹೇಳುವವರೆಲ್ಲ ಅವಳನ್ನು "ಮಿಸೆಸ್ ಬ್ರಾನ್ಸನ್" ಎಂದೇ ಕರೆದು ಮುಂದೆ ಹೋಗುತ್ತಾರೆ. ಹತ್ತು ಹಾಸಿಗೆ ಹಾಸಿ, ಹತ್ತು ಜನರ ಅಡಿಗೆಯ ಲೆಕ್ಕವಿಟ್ಟು, ಪರ ಊರಲ್ಲಿ ಪರ ಜನರನ್ನು ಸಾಕಿದವಳಿಗೆ ಉಳಿದದ್ದು ಗಂಡನ ಹೆಸರು.

ಇನ್ನು ಲಂಡನ್ನು. 1888ರಲ್ಲಿ ಮೋಹನದಾಸ ಗಾಂಧಿ ಎಂಬ ಹುಡುಗ ಹಡಗಿಳಿದು ಮೊದಲು ತಂಗಿದ್ದು ಅಲ್ಲಿನ ವಿಕ್ಟೋರಿಯಾ ಹೋಟೆಲಿನಲ್ಲಿ. ಭಾರೀ ಹೋಟೆಲು. ಬಿಲ್ಲು ಮೂರು ಪೌಂಡು. ಇಷ್ಟು ಕೊಟ್ಟೂ ತಾನು ಉಪವಾಸವಿದ್ದ ಹಾಗೆಯೇ ಇದ್ದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಒಂದು ತಿನಿಸು ಸೇರದೆ ಇನ್ನೊಂದು ತರಿಸಿದರೆ ಎರಡಕ್ಕೂ ದುಡ್ಡು! ಅದರ ಮರುವರ್ಷವೇ, 1889ರಲ್ಲಿ, ಥೇಮ್ಸ್ ನದಿಯ ದಂಡೆಗೆ ಸವಾಯ್ ಹೋಟೆಲು ತೆರೆಯಿತು. ಕಟ್ಟಿಸಿದವನು ಡಾಯ್ಲಿ ಕಾರ್ಟ್, ಸಂಗೀತ ನಾಟಕದ ಕಂಪನಿಯವನು. ನಾಟಕದ ಗಳಿಕೆಯನ್ನು ಹೋಟೆಲಿಗೆ ಹಾಕಿದ. (ನಮ್ಮ ಕಡೆ ನಾಟಕ ಕಂಪನಿ ನಡೆಸಿದವರು ಇದ್ದ ಹೊಲವನ್ನೂ ಮಾರಿಕೊಂಡದ್ದನ್ನೇ ನಾನು ಕೇಳಿದ್ದು!) ವಿದ್ಯುತ್ ದೀಪ, ವಿದ್ಯುತ್ ಲಿಫ್ಟು, ನಲ್ಲಿಯಲ್ಲಿ ಬಿಸಿನೀರು.

ಅಲ್ಲಿ ಮ್ಯಾನೇಜರನಾಗಿ ಬಂದ ಸೀಸರ್ ರಿಟ್ಸ್‌ನ ಕತೆ ನನಗೆ ಬಲು ಪ್ರೀತಿಯದು. ಸ್ವಿಟ್ಜರ್ಲೆಂಡಿನ ಒಂದು ಬೆಟ್ಟದ ಹಳ್ಳಿಯ ರೈತನ ಹದಿಮೂರನೆಯ ಮಗು. ತಟ್ಟೆ ಎತ್ತುವ ಕೆಲಸದಿಂದ ಮೇಲೆ ಬಂದವನು. ಸವಾಯ್‌ನಿಂದ 1898ರಲ್ಲಿ ಅವನನ್ನು ತೆಗೆದುಹಾಕಿದರು. 1906ರಲ್ಲಿ ಅದೇ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಅವನ ಹೆಸರಿನದೇ ಹೋಟೆಲು ಎದ್ದಿತು. ಮರ್ಯಾದಸ್ಥ ಮನೆಯ ಹೆಂಗಸರು ಹೊರಗೆ ಕೂತು ಉಣ್ಣುವುದಿಲ್ಲ ಎಂಬ ಕಾಲದಲ್ಲಿ, ಅವರು ಬಂದು ಕೂರುವಂತೆ ಊಟದ ಹಾಲನ್ನು ಬದಲಿಸಿದವರಲ್ಲಿ ಇವನೂ, ಇವನ ಅಡಿಗೆಯವ ಎಸ್ಕಾಫಿಯೇಯೂ ಮುಖ್ಯರು. ಯಾವ ಬಣ್ಣದ ಬೆಳಕು ಹೆಂಗಸರ ಮುಖಕ್ಕೆ ಒಪ್ಪುತ್ತದೆಂದು ಹೆಂಡತಿಯನ್ನು ಗಂಟೆಗಟ್ಟಲೆ ದೀಪದ ಕೆಳಗೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದನಂತೆ. ಓದಿದಾಗ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಮುಖದ ಬಣ್ಣದ ಬಗ್ಗೆ ಇಷ್ಟು ಯೋಚಿಸಿದ ಪುಣ್ಯಾತ್ಮ, ಒಬ್ಬಂಟಿ ಹೆಣ್ಣು ರಾತ್ರಿ ಹತ್ತಕ್ಕೆ ಬಾಗಿಲಿಗೆ ಬಂದರೆ ಏನು ಮಾಡಬೇಕೆಂದು ತನ್ನ ಜನರಿಗೆ ಏನು ಹೇಳಿಕೊಟ್ಟಿದ್ದನೋ? ಬೆಳಕಿನಲ್ಲಿ ಕಾಣುವ ಹೆಣ್ಣು ಹೋಟೆಲಿಗೆ ಶೋಭೆ; ಅವಳು ಯಾರದೋ ತೋಳು ಹಿಡಿದು ಬಂದಿರಬೇಕು. ಅವಳು ಬರೀ ದಣಿದವಳು, ಬರೀ ನಿದ್ದೆ ಬಂದವಳು ಆದರೆ? ಹಾಗೆ ನೋಡಿದರೆ ನನಗೆ ಹೆಚ್ಚು ಸಮಾಧಾನ ಕೊಟ್ಟವಳು ಏಡಾ ಕೋಲ್ಮನ್. 1903ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಸವಾಯ್ ಹೋಟೆಲಿನ ಪಾನಗೃಹದ ಯಜಮಾನಿಕೆ ಮಾಡಿದವಳು. ಅವಳು ಬೆರೆಸುತ್ತಿದ್ದುದನ್ನು ನಾನು ಕುಡಿಯುವವಳಲ್ಲ, ಆದರೆ ಕೌಂಟರಿನ ಒಳಗಡೆ ಒಬ್ಬ ಹೆಂಗಸು ನಿಂತಿದ್ದಳು ಎಂಬುದೇ ನನಗೆ ದೊಡ್ಡದು.

ಅದೇ ಗಾಂಧಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಮತ್ತೆ ಲಂಡನ್ನಿಗೆ ಹೋದಾಗ ದೊಡ್ಡ ಹೋಟೆಲಿಗೆ ಕಾಲಿಡಲಿಲ್ಲ. ಕೂಲಿಕಾರರ ಓಣಿಯಲ್ಲಿದ್ದ ಕಿಂಗ್ಸ್ಲಿ ಹಾಲಿನಲ್ಲಿ, ಮ್ಯೂರಿಯಲ್ ಲೆಸ್ಟರ್ ಎಂಬ ಹೆಣ್ಣುಮಗಳ ಅತಿಥಿಯಾಗಿ, ಒಂದು ಸಣ್ಣ ಕೋಲಿಯಲ್ಲಿ ಉಳಿದರು. ಇತ್ತ ಅವರ ದೇಶದಲ್ಲಿ ವೈಸರಾಯ್‌ನಿಗೆಂದು ಗುಮ್ಮಟದ ಮನೆ.

ಇಷ್ಟು ಹೇಳಿದ ಮೇಲೆ, "ನಮ್ಮ ದಾಸೋಹದ ಮುಂದೆ ಅವರ ಹೋಟೆಲೇನು" ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ಬಂದವರಿಗೆಲ್ಲ ಉಣಿಸಿದ ನಾಡು ನಮ್ಮದು. ಆ ಮಾತನ್ನು ನಾನೂ ಭಾಷಣಗಳಲ್ಲಿ ಆಡಿದ್ದೇನೆ. ಆದರೆ ಮಣ್ಣೂರಿನ ನಮ್ಮ ಮನೆಯನ್ನೇ ನೆನೆದುಕೊಂಡರೆ ನಾಲಿಗೆ ತಡೆಯುತ್ತದೆ. ಗಾಣಗಾಪುರಕ್ಕೆ ನಡೆದು ಹೊರಟವರು, ಎತ್ತು ಕೊಳ್ಳಲು ಬಂದವರು ನಮ್ಮ ಪಡಸಾಲೆಯಲ್ಲಿ ಮಲಗುತ್ತಿದ್ದುದು ನಿಜ. ನಮ್ಮ ಆಯಿ ರಾತ್ರಿ ಎಷ್ಟು ಹೊತ್ತಾದರೂ ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಿದ್ದುದೂ ನಿಜ. ಆದರೆ ಆಯಿ ಮೊದಲು ಕೇಳುತ್ತಿದ್ದುದು "ಯಾವೂರು?" ಎಂದಲ್ಲ, "ಯಾರ ಪೈಕಿ?" ಎಂದು. ಉತ್ತರ ನೋಡಿ ಕೆಲವರಿಗೆ ಪಡಸಾಲೆ, ಕೆಲವರಿಗೆ ಹೊರಗಿನ ಕಟ್ಟೆ. ಕಟ್ಟೆಯವರಿಗೆ ನೀರು ಮೇಲಿನಿಂದ. ಅವರಿಗೆಂದೇ ದನದ ಕೊಟ್ಟಿಗೆಯ ಗೂಡಿನಲ್ಲಿ ಒಂದು ಜರ್ಮನ್ ತಂಬಿಗೆ ಇರುತ್ತಿತ್ತು. ಒಮ್ಮೆ, ನಾನು ಏಳೆಂಟು ವರ್ಷದವಳಿದ್ದಾಗ, ಬಸುರಿ ಮಗಳನ್ನು ಕರೆದುಕೊಂಡು ಬಂದ ಒಬ್ಬ ತಾಯಿ ಮಳೆಯಲ್ಲಿ ಆ ಕಟ್ಟೆಯ ಮೇಲೆ ರಾತ್ರಿ ಕಳೆದರು. ಪಡಸಾಲೆ ಖಾಲಿ ಇತ್ತು. ಆಯಿ ಎರಡು ಸಲ ಎದ್ದು ಹೋಗಿ ಅವರ ಮೇಲೆ ಗೋಣಿಚೀಲ ಹೊದಿಸಿ ಬಂದಳು; ಒಳಗೆ ಮಾತ್ರ ಕರೆಯಲಿಲ್ಲ. ಲಾಡ್ಜಿನ ಆ ಮ್ಯಾನೇಜರನನ್ನು ಬೈಯುವಾಗೆಲ್ಲ ನನಗೆ ಈ ಮಳೆ ನೆನಪಾಗುತ್ತದೆ. ಖಾಲಿ ಕೋಲಿ ಇಟ್ಟುಕೊಂಡು ಇಲ್ಲವೆನ್ನುವುದನ್ನು ಅವನು ಯಾರಿಂದಲೋ ಕಲಿತಿರಬೇಕಷ್ಟೆ.

ಅದಕ್ಕೇ ರೊಕ್ಕ ಕೊಟ್ಟು ಉಳಿಯುವ ಕೋಲಿಯನ್ನು ನಾನು ಪೂರ್ತಿ ಹಳಿಯಲಾರೆ. ಅದು "ಯಾರ ಪೈಕಿ" ಎಂದು ಕೇಳುವುದಿಲ್ಲ, ಕೇಳಬಾರದು. ಬಿಲ್ಲಿನ ಮೇಲೆ ಜಾತಿಯ ಸಾಲು ಇರುವುದಿಲ್ಲ. ರೊಕ್ಕ ಇಲ್ಲದವರನ್ನು ಮಾತ್ರ ಅದು ನಮ್ಮ ಆಯಿಗಿಂತ ಗಟ್ಟಿಯಾಗಿ ಹೊರಗಿಡುತ್ತದೆ, ಗೋಣಿಚೀಲವನ್ನೂ ಹೊದಿಸುವುದಿಲ್ಲ. ಮಗಳು ಆ ರಾತ್ರಿಗೆ ಕಟ್ಟಿದ ಹಣ ನಾನು ನೌಕರಿಗೆ ಸೇರಿದಾಗಿನ ಹಲವು ತಿಂಗಳ ಸಂಬಳ. ಲೆಕ್ಕ ಹಾಕಬೇಡ ಅವ್ವಾ ಎಂದಳು. ಗಣಿತದ ಟೀಚರಿಗೆ ಹೇಳುವ ಮಾತೇ ಅದು?

ಮಧ್ಯಾಹ್ನ ಅವಳಿಗೆ ಬೆಂಗಳೂರಿನಿಂದ ಆಫೀಸಿನ ಫೋನು ಬಂತು. ಹೋಗಲೇಬೇಕು. "ನೀ ಇರು. ರೊಕ್ಕ ಕಟ್ಟೇದ, ಸುಮ್ನ ಯಾಕ ಬಿಡಬೇಕು? ನಾಳೆ ಮುಂಜಾನೆ ಕಾರ್ ಕಳಸ್ತೀನಿ." ನಾನು ಬೇಡವೆಂದೆ, ಅವಳು ಕೇಳಲಿಲ್ಲ. ಕಾರು ಗೇಟು ದಾಟುವವರೆಗೆ ಆ ಜೋಡಿ ಕಂಬಗಳ ನಡುವೆ ನಿಂತಿದ್ದೆ. ಒಳಗೆ ಬಂದು, ಮಗಳು ಹೋದಳು, ನಾನೊಬ್ಬಳೇ ಉಳಿಯುತ್ತೇನೆ ಎಂದು ಕೌಂಟರಿನಲ್ಲಿ ತಿಳಿಸಬೇಕಾಯಿತು. ಇಷ್ಟು ವರ್ಷ ಶಾಲೆ ನಡೆಸಿದವಳು, ಆದರೂ ಗಂಟಲು ಒಣಗಿತು. ಅಲ್ಲಿದ್ದ ಹುಡುಗಿ, "ಒಬ್ರೇನಾ ಮೇಡಂ?" ಎಂದಳು.

"ಹೌದಮ್ಮಾ, ಒಬ್ಬಾಕೇನೇ."

ಅವಳು ಪುಸ್ತಕದಲ್ಲಿ ಎರಡನ್ನು ಹೊಡೆದುಹಾಕಿ ಒಂದು ಎಂದು ಬರೆದಳು. "ಬೆಳಿಗ್ಗೆ ಕಾಫಿನೋ ಟೀನೋ ಮೇಡಂ?"

ರಾತ್ರಿ ಆ ಎತ್ತರದ ಛಾವಣಿಯ ಕೋಲಿಯಲ್ಲಿ ಕೂತು ಚೀಲ ಬಿಚ್ಚಿದೆ. ದಾರಿಗೆಂದು ಕಟ್ಟಿಕೊಂಡಿದ್ದ ಕಡಕ್ ರೊಟ್ಟಿ, ಶೇಂಗಾಹಿಂಡಿ. ರೊಟ್ಟಿ ಮುರಿದ ಸದ್ದು ಕೋಲಿಯ ತುಂಬ ಕೇಳಿಸಿತು. ಉಂಡು, ಮೇಜಿನ ಮೇಲೆ ಬಿದ್ದ ಪುಡಿಯನ್ನೆಲ್ಲ ಅಂಗೈಗೆ ಗುಡಿಸಿಕೊಂಡು ಕಿಡಕಿಯ ಹೊರಗೆ ಹಾಕಿದೆ, ಹಕ್ಕಿಗಾದರೂ ಆದೀತೆಂದು. ಆಮೇಲೆ ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದೆ. ತೆಗೆದೆ. ಮತ್ತೊಮ್ಮೆ ಹಾಕಿದೆ.