‘ಡಿಂಗ್-ಡಾಂಗ್’: ಒಂದು ಅನುಕರಣಶಬ್ದದ ಅರ್ಥವಿಚಾರ

ಇಂಗ್ಲಿಷಿನ ‘ಡಿಂಗ್-ಡಾಂಗ್’ ಎಂಬುದಕ್ಕೆ ‘ಗಂಟೆಯ ನಾದ’ ಎಂದು ಅರ್ಥ ಬರೆದು ಮುಂದೆ ಸಾಗುವುದು ಸುಲಭ. ಆದರೆ ಅನುಕರಣಶಬ್ದದ ಅರ್ಥವನ್ನು ತಿಳಿಸುವುದು ಬೇರೆ, ಅದಕ್ಕೆ ಸಮನಾದ ಶಬ್ದವನ್ನು ಒದಗಿಸುವುದು ಬೇರೆ. ಈ ಭೇದವನ್ನು ಮರೆತ ಅನುವಾದದಲ್ಲಿ ಅರ್ಥವೇನೋ ಉಳಿಯುತ್ತದೆ. ಗಂಟೆ ಮಾತ್ರ ಮೂಕವಾಗುತ್ತದೆ.

ಮೊದಲು ರೂಪವನ್ನು ನೋಡೋಣ. ಈ ಜೋಡಿಯಲ್ಲಿ ವ್ಯಂಜನಗಳು ಹಾಗೆಯೇ ನಿಂತು ಸ್ವರವೊಂದೇ ಬದಲಾಗುತ್ತದೆ. ‘ಟಿಕ್-ಟಾಕ್’, ‘ಪಿಂಗ್-ಪಾಂಗ್’ಗಳಲ್ಲಿಯೂ ಇದೇ ಕ್ರಮ; ಇದನ್ನು ತಿರುಗಿಸಿ ಹೇಳುವಂತಿಲ್ಲ. ಕನ್ನಡದ ‘ಗಣಗಣ’, ‘ಕಿಣಿಕಿಣಿ’ಗಳಲ್ಲಾದರೋ ಮೊದಲ ಭಾಗವೇ ಮರಳಿ ಬರುತ್ತದೆ. ಹಾಗೆಂದು ನಮ್ಮಲ್ಲಿ ಸ್ವರಕ್ಕೆ ಕೆಲಸವಿಲ್ಲವೆಂದಲ್ಲ. ಬನಶಂಕರಿಯಮ್ಮನ ಗುಡಿಯಲ್ಲಿ ತೂಗುಗಂಟೆ ‘ಢಣ್’ ಎಂದರೆ ಅರ್ಚಕರ ಕೈಗಂಟೆ ‘ಕಿಣಿಕಿಣಿ’ ಎನ್ನುತ್ತದೆ. ಇವನ್ನು ಅದಲುಬದಲು ಮಾಡಿದರೆ ಕನ್ನಡಿಗರ ಕಿವಿ ಒಪ್ಪದು. ಇಂಗ್ಲಿಷು ಒಂದೇ ಶಬ್ದದೊಳಗೆ ಅಡಗಿಸಿದ ಸ್ವರಭೇದವನ್ನು ಕನ್ನಡವು ಎರಡು ಶಬ್ದಗಳಿಗೆ ಹಂಚಿಕೊಟ್ಟಿದೆ.

ಇನ್ನು ಪ್ರಯೋಗ. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದಲ್ಲಿ ಏರಿಯಲ್ ಹಾಡುವಾಗ ಇದು ಸಾವಿನ ಗಂಟೆ. ಶಿಶುಗೀತದಲ್ಲಿ ಇದೇ ಆಟದ ಮಾತು. ಹೀಗಾಗಿ ಶೋಕ, ವಿನೋದಗಳು ಶಬ್ದದಲ್ಲಿಲ್ಲ, ಸಂದರ್ಭದಲ್ಲಿವೆ. ಮೇಲುಗೈ ಅತ್ತಿಂದಿತ್ತ ತೂಗುವ ಸ್ಪರ್ಧೆಗೂ ಬಿರುಸಾದ ಜಗಳಕ್ಕೂ ಇಂಗ್ಲಿಷಿನವರು ಇದನ್ನೇ ಬಳಸುತ್ತಾರೆ. ಅಲ್ಲಿ ‘ಢಣಢಣ’ ಎಂದು ಬರೆದರೆ ನಗೆಪಾಟಲು. ‘ಹಣಾಹಣಿ’ ಎಂಬುದೇ ತಕ್ಕ ಮಾತು. ‘ಹಣಿ’ ಎಂದರೆ ಹೊಡೆ. ಹಳೆಯ ಇಂಗ್ಲಿಷಿನ ‘ಡಿಂಗ್’ ಎಂಬ ಕ್ರಿಯಾಪದಕ್ಕೂ ಅದೇ ಅರ್ಥವಿತ್ತೆಂಬುದು ಗಮನಾರ್ಹ. ಕನ್ನಡದಲ್ಲಿ ಗಂಟೆಯು ಜಗಳವನ್ನು ಸೂಚಿಸಲಿಲ್ಲ. ‘ಘಂಟಾಘೋಷವಾಗಿ’ ಎಂಬಲ್ಲಿ ಮುಚ್ಚುಮರೆಯಿಲ್ಲದ ಮಾತಿಗೆ ಸಂಕೇತವಾಯಿತು.

ಹಾಗಾದರೆ ‘ಡಿಂಗ್-ಡಾಂಗ್’ ಕನ್ನಡಕ್ಕೆ ಎಲ್ಲಿಯೂ ಸಲ್ಲದೆ? ಸಲ್ಲುವ ಒಂದು ಸ್ಥಳವುಂಟು. ಜಯನಗರದ ಮನೆಗಳ ಬಾಗಿಲಗಂಟೆಯಲ್ಲಿ ಒಂದು ಬಗೆಯಿದೆ: ಗುಂಡಿಯನ್ನು ಒತ್ತಿದಾಗ ಒಂದು ಲೋಹಪಟ್ಟಿಗೂ ಬಿಟ್ಟಾಗ ಮತ್ತೊಂದಕ್ಕೂ ಪೆಟ್ಟು ಬೀಳುತ್ತದೆ; ಮೊದಲ ನಾದ ಏರು, ಎರಡನೆಯದು ಇಳಿ. ಈ ನಾದ ನಮಗೆ ಹೊಸದು. ಇದಕ್ಕೆ ‘ಗಣಗಣ’ ಒಗ್ಗದು. ಇಲ್ಲಿ ಎರವಲು ದಾರಿದ್ರ್ಯವಲ್ಲ, ಔಚಿತ್ಯ.

13ನೆಯ ಶತಮಾನದಲ್ಲಿಯೇ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅನುಕರಣಶಬ್ದಗಳಿಗೆ ಅವ್ಯಯಗಳ ನಡುವೆ ಸ್ಥಾನವಿತ್ತನು. ಶಾಸ್ತ್ರವು ಕೊಟ್ಟ ಆ ಮರ್ಯಾದೆಯನ್ನು ಕೋಶಕಾರರೂ ಅನುವಾದಕರೂ ಕೊಡಬೇಕು. ಯಾವ ಗಂಟೆ, ಯಾರ ಕೈಯಲ್ಲಿ, ಯಾವ ಸಮಯದಲ್ಲಿ ಎಂಬುದನ್ನು ಕೇಳಿಕೊಂಡ ಮೇಲೆಯೇ ಶಬ್ದವನ್ನು ಆರಿಸತಕ್ಕದ್ದು.