ಸಮನ್ವಯ ಕಲಾಶಿಕ್ಷಣ: ಗದಗಿನ ಮಾದರಿ ಮತ್ತು ಅದರ ಮಿತಿ

ವಿಕಲಚೇತನ ಮಗುವನ್ನು ಸಾಮಾನ್ಯ ತರಗತಿಗೆ ಸೇರಿಸಿಕೊಳ್ಳುವುದೇ ಸಮನ್ವಯ ಶಿಕ್ಷಣವೆಂಬ ಗ್ರಹಿಕೆ ಬೇರೂರಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ದಿಕ್ಕನ್ನೇ ತಿರುಗಿಸಿತು. ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು (1914–2010): ಇಬ್ಬರು ಗುರುಗಳೂ ಅಂಧರು. ಮೊದಲಿನವರಲ್ಲಿ ಕಲಿತ ಬಸವರಾಜ ರಾಜಗುರು, ಎರಡನೆಯವರಲ್ಲಿ ಕಲಿತ ವೆಂಕಟೇಶಕುಮಾರ್ ಕಣ್ಣುಳ್ಳವರು. ಕಿವಿಯಿಂದ ಕಿವಿಗೆ ಸಾಗುವ ಹಿಂದುಸ್ತಾನಿ ಪಾಠದಲ್ಲಿ ಅಂಧತ್ವ ಅಡ್ಡಿಯಾಗಲಿಲ್ಲ. ಆಶ್ರಮವನ್ನು ಕೊಂಡಾಡುವ ಬರಹಗಳು ಮಾತ್ರ ಪಾಠಕ್ರಮದ ಈ ಗುಣವನ್ನು ಮರೆತು ಎಲ್ಲವನ್ನೂ ಗುರುಕರುಣೆಗೆ ಒಪ್ಪಿಸುತ್ತವೆ. ಅಂಧರಿಗೆ ಸಂಗೀತವೇ ಸರಿ ಎಂಬ ರೂಢಿಯನ್ನೂ (ಅರಿಯದೆಯೇ ಇರಬಹುದು) ಗಟ್ಟಿಗೊಳಿಸುತ್ತವೆ. ಕಾಸರಗೋಡಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿಯಬಯಸುವ ಕಿವುಡ ಹುಡುಗನಿಗೆ ಕರುಣೆಯೊಂದೇ ಸಾಲದು. ಚೆಂಡೆಯ ಪೆಟ್ಟು ಅವನಿಗೆ ಅಂಗಾಲಿನ ಕಂಪನವಾಗಿ, ಭಾಗವತರ ಜಾಗಟೆ ಕೈಯ ಚಲನೆಯಾಗಿ ತಲಪಬೇಕು. ಅದಕ್ಕೆ ತಕ್ಕಂತೆ ಪಾಠವನ್ನು ಮೊದಲಿನಿಂದ ಕಟ್ಟಬೇಕಾದವರು ಗುರುಗಳು.